ಬಸಿರಿನ ನಡುಗಾಲ: ಸ್ಕ್ಯಾನಿಂಗ್‌ನಿಂದ ಹೆರಿಗೆ ತರಗತಿಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಗರ್ಭಿಣಿಯರ ಮಾತುಕತೆಯಲ್ಲಿ, ಪತ್ರಗಳಲ್ಲಿ, ತರಗತಿ ಮುಗಿದ ಮೇಲೆ ಬಾಗಿಲ ಬಳಿ ತಡೆದು ಕೇಳುವ ಮಾತಿನಲ್ಲಿ ಮತ್ತೆ ಮತ್ತೆ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ನಾನು ಹೆರಿಗೆಪೂರ್ವ ತರಗತಿ ನಡೆಸುವವಳು, ವೈದ್ಯೆಯಲ್ಲ. ನಿಮ್ಮ ವರದಿಯ ಬಗ್ಗೆ ಕೊನೆಯ ಮಾತು ನಿಮ್ಮನ್ನು ನೋಡುತ್ತಿರುವ ವೈದ್ಯರದೇ.

ಬಹಳಷ್ಟು ಪ್ರಶ್ನೆಗಳ ಹಿಂದೆ ಒಂದೇ ಸಂಕಟವಿದೆ: ಅವಳಿಗೆ ಹಾಗಾಯಿತಂತೆ, ನನಗೇಕೆ ಹೀಗೆ? ಇನ್ನೊಬ್ಬಳ ಬಸಿರಿನ ಅನುಭವ ಕೇಳಿದಾಗ ವೈದ್ಯರಲ್ಲಿ ಏನನ್ನು ವಿಚಾರಿಸಬೇಕು ಎಂಬುದು ಹೊಳೆಯುತ್ತದೆ. ಉತ್ತರ ಮಾತ್ರ ನಿಮ್ಮ ವಾರ, ನಿಮ್ಮ ಮೈ, ನಿಮ್ಮ ವರದಿಯಿಂದಲೇ ಬರಬೇಕು. ಪ್ರತಿ ಹೊಸ ತಂಡಕ್ಕೂ ನಾನು ಮೊದಲು ಹೇಳುವುದು ಇದನ್ನೇ.

## ಲೆಕ್ಕ, ಹೊಟ್ಟೆ, ಮಿಸುಕಾಟ

ವೈದ್ಯರು ವಾರ ಹೇಳುತ್ತಾರೆ, ಮನೆಯವರು ತಿಂಗಳು ಕೇಳುತ್ತಾರೆ. ನಡುಗಾಲ ಎಂದರೆ ಯಾವಾಗಿನಿಂದ ಯಾವಾಗಿನವರೆಗೆ?

ಸಾಮಾನ್ಯವಾಗಿ 14ನೆಯ ವಾರದಿಂದ 27ನೆಯ ವಾರದವರೆಗೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಕೆ ಶುರುವಾಗುತ್ತದೆ. ಅಲ್ಲಿಂದ 280 ದಿನ, ಅಂದರೆ 40 ವಾರಕ್ಕೆ ಹೆರಿಗೆಯ ಅಂದಾಜು ದಿನಾಂಕ. ಗರ್ಭ ನಿಂತದ್ದು ಮುಟ್ಟಾದ ಸುಮಾರು ಎರಡು ವಾರಗಳ ನಂತರ, ಆದ್ದರಿಂದ 20 ವಾರ ಎಂದಾಗ ಮಗುವಿನ ನಿಜವಾದ ವಯಸ್ಸು ಸುಮಾರು 18 ವಾರ. ನಾಲ್ಕು ವಾರಕ್ಕೊಂದು ತಿಂಗಳೆಂದು ಎಣಿಸಿದರೆ 40 ವಾರಕ್ಕೆ ಹತ್ತು ತಿಂಗಳಾಗುತ್ತದೆ, ಕ್ಯಾಲೆಂಡರ್ ಹಿಡಿದರೆ ಒಂಬತ್ತು ತಿಂಗಳ ಮೇಲೊಂದು ವಾರ. ಈ ಗೊಂದಲದಿಂದಲೇ ಇಬ್ಬರು "ಐದು ತಿಂಗಳ" ಗರ್ಭಿಣಿಯರ ನಡುವೆ ಮೂರು ವಾರಗಳ ಅಂತರವಿರಬಹುದು. ಈ ಹಂತದಲ್ಲಿ ಮೂರು ವಾರ ದೊಡ್ಡ ಅಂತರವೇ. ಯಾರದೇ ಅನುಭವ ಕೇಳುವ ಮುನ್ನ "ನಿಮಗೆ ಆಗ ಎಷ್ಟನೆಯ ವಾರ?" ಎಂದು ಕೇಳಿಬಿಡಿ.

ವಾಂತಿ ನಿಂತುಹೋಗಿದೆ, ಹೊಟ್ಟೆಯಲ್ಲಿ ಇನ್ನೂ ಚಲನೆ ಇಲ್ಲ. ಬಸಿರೇ ಅಲ್ಲವೇನೋ ಎನಿಸುತ್ತದೆ. ಮಗು ಸರಿಯಿದೆಯೇ?

ಮೊದಲ ಸ್ಕ್ಯಾನಿಂಗ್ ಮುಗಿದು, ಮುಂದಿನದಕ್ಕೆ ಇನ್ನೂ ವಾರಗಳಿರುವಾಗ ಬಹುತೇಕ ಎಲ್ಲರನ್ನೂ ಕಾಡುವ ಪ್ರಶ್ನೆಯಿದು. ವಾಕರಿಕೆಗೆ ಕಾರಣವೆಂದು ಹೇಳಲಾಗುವ ಎಚ್‌ಸಿಜಿ ಹಾರ್ಮೋನು 9-10ನೆಯ ವಾರದ ಹೊತ್ತಿಗೆ ತುತ್ತತುದಿಗೆ ಹೋಗಿ ನಂತರ ಇಳಿಯುತ್ತದೆ. ಅದರೊಡನೆ ವಾಂತಿಯೂ ಸುಸ್ತೂ ಇಳಿಯುತ್ತವೆ. ಕೆಲವರಿಗೆ 20 ವಾರ ದಾಟಿದರೂ ವಾಂತಿ ನಿಲ್ಲುವುದಿಲ್ಲ. ಎರಡೂ ಆಗುವಂಥವೇ. ತಪಾಸಣೆಗೆ ಹೋದಾಗ ಮಗುವಿನ ಎದೆಬಡಿತ ಕೇಳಿಸುವಂತೆ ಕೋರಿ, ಅದಕ್ಕೆ ಸಂಕೋಚ ಬೇಡ. ಮನೆಯಲ್ಲೇ ಎದೆಬಡಿತ ಕೇಳುವ ಸಣ್ಣ ಯಂತ್ರವನ್ನು ಕೊಳ್ಳಬೇಡಿ ಎಂಬುದು ನನ್ನ ಸಲಹೆ. ತಾಯಿಯ ರಕ್ತನಾಳದ ಸದ್ದನ್ನೇ ಮಗುವಿನದೆಂದು ನಂಬಿ ಸುಮ್ಮನಾಗುವ ಅಪಾಯವೂ ಇದೆ, ಸದ್ದು ಸಿಗದೆ ರಾತ್ರಿಯಿಡೀ ಅಳುವ ಅಪಾಯವೂ ಇದೆ.

ನನ್ನ ಹೊಟ್ಟೆ ಕಾಣುವುದೇ ಇಲ್ಲ. ನನ್ನ ಜೊತೆಯವಳದು ಎಷ್ಟು ದೊಡ್ಡದಾಗಿದೆ!

20ನೆಯ ವಾರದ ಹೊತ್ತಿಗೆ ಗರ್ಭಕೋಶದ ಮೇಲಂಚು ಹೊಕ್ಕುಳಿನ ಮಟ್ಟಕ್ಕೆ ಬರುತ್ತದೆ. ಅದು ಹೊರಗೆ ಎಷ್ಟು ಕಾಣುತ್ತದೆ ಎಂಬುದು ನಿಮ್ಮ ಎತ್ತರ, ಹೊಟ್ಟೆಯ ಸ್ನಾಯುಗಳ ಬಿಗಿ, ಇದು ಎಷ್ಟನೆಯ ಬಸಿರು ಎಂಬುದರ ಮೇಲೆ ನಿಂತಿದೆ. ಎರಡನೆಯ ಬಸಿರಿನಲ್ಲಿ ಹೊಟ್ಟೆ ಬೇಗ ಕಾಣಿಸಿಕೊಳ್ಳುತ್ತದೆ. ಕಣ್ಣಳತೆಯನ್ನು ನಂಬಬೇಡಿ. 24 ವಾರದ ನಂತರ ತಪಾಸಣೆಯಲ್ಲಿ ಗರ್ಭಕೋಶದ ಎತ್ತರವನ್ನು ಟೇಪಿನಿಂದ ಅಳೆಯುತ್ತಾರೆ, ಆ ಸೆಂಟಿಮೀಟರ್ ಸಂಖ್ಯೆ ಸುಮಾರಾಗಿ ವಾರದ ಸಂಖ್ಯೆಗೆ ಹತ್ತಿರವಿರುತ್ತದೆ. ನೋಡಬೇಕಾದದ್ದು ಆ ಅಳತೆಯನ್ನು.

ಮಗು ಮಿಸುಕುವುದು ಯಾವಾಗ ತಿಳಿಯುತ್ತದೆ? ಹೊಟ್ಟೆಯ ವಾಯುವಿಗೂ ಅದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ಚೊಚ್ಚಲ ಬಸಿರಿನಲ್ಲಿ ಹೆಚ್ಚಾಗಿ 18ರಿಂದ 20ನೆಯ ವಾರದ ಆಸುಪಾಸು, ಹಿಂದೆ ಹೆತ್ತವರಿಗೆ 16ನೆಯ ವಾರಕ್ಕೇ ತಿಳಿಯಬಹುದು. ಮೊದಮೊದಲು ಅದು ಒದೆತದಂತೆ ಇರುವುದಿಲ್ಲ. ಮೀನು ಬಾಲ ಬಡಿದಂತೆ ಎಂದು ಹಲವರು ಹೇಳುತ್ತಾರೆ, ನನಗೆ ಕೇಳಿದ ವರ್ಣನೆಗಳಲ್ಲಿ ಅದೇ ಸರಿಯೆನಿಸಿದೆ. ನೀವು ಊಟ ಮಾಡಿ ಒಂದು ಮಗ್ಗುಲಿಗೆ ಮಲಗಿದಾಗ ಮತ್ತೆ ಅದೇ ಜಾಗದಲ್ಲಿ ಬಂದರೆ ಮಗುವೇ ಇರಬೇಕು.

ಮಾಸು (ಪ್ಲಾಸೆಂಟಾ) ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿದ್ದರೆ, ಮಗುವಿಗೂ ನಿಮ್ಮ ಹೊಟ್ಟೆಯ ಚರ್ಮಕ್ಕೂ ನಡುವೆ ಅದು ಅಡ್ಡ ಬರುತ್ತದೆ. ಅಂಥವರಿಗೆ ಮಿಸುಕಾಟ ತಡವಾಗಿ, ಮಂದವಾಗಿ ತಿಳಿಯುತ್ತದೆ. ವರದಿಯಲ್ಲಿ "ಆಂಟೀರಿಯರ್" ಎಂದು ಬರೆದಿದ್ದರೆ ಅದರರ್ಥ ಇಷ್ಟೇ, ಅದು ದೋಷವಲ್ಲ. ಆದರೆ 24 ವಾರವಾದರೂ ಒಮ್ಮೆಯೂ ಚಲನೆ ತಿಳಿದಿಲ್ಲವಾದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಹೋಗಿ ತೋರಿಸಿ. ಒಮ್ಮೆ ನಿತ್ಯದ ಲಯ ಗೊತ್ತಾದ ಮೇಲೆ ಅದು ಕಡಿಮೆಯಾದರೆ ಅಂದೇ ತಿಳಿಸಿ. ದಿನ ತುಂಬುತ್ತ ಬಂದಂತೆ ಮಗು ಮಿಸುಕುವುದು ಕಡಿಮೆಯಾಗುತ್ತದೆ ಎಂಬ ಮಾತು ತಪ್ಪು. ಚಲನೆಯ ಬಗೆ ಬದಲಾಗಬಹುದು, ಮಿಸುಕಾಟ ಮಾತ್ರ ಕೊನೆಯವರೆಗೂ ಇರಬೇಕು.

ಕುರ್ಚಿಯಿಂದ ಎದ್ದಾಗ ತೊಡೆಸಂದಿಯಲ್ಲಿ ಚುಚ್ಚಿದ ಹಾಗೆ ನೋವು. ಹೆರಿಗೆ ನೋವು ಬೇಗ ಬಂತೇ?

ಗರ್ಭಕೋಶವನ್ನು ಎರಡೂ ಕಡೆ ಹಿಡಿದಿರುವ ಕಟ್ಟುಗಳು ಅದು ಬೆಳೆದಂತೆ ಹಿಗ್ಗುತ್ತವೆ. ತಟ್ಟನೆ ಎದ್ದಾಗ, ಮಗ್ಗುಲು ಬದಲಿಸಿದಾಗ, ಕೆಮ್ಮಿದಾಗ ಒಂದು ಬದಿಯಲ್ಲಿ ಚುಳುಕ್ ಎನ್ನುವುದು ಸಾಮಾನ್ಯವಾಗಿ ಇದರಿಂದ. ಕ್ಷಣದಲ್ಲಿ ಬಂದು ಹೋಗುತ್ತದೆ. ನಿಧಾನವಾಗಿ ಏಳುವುದು, ಮಲಗುವಾಗ ಹೊಟ್ಟೆಯ ಕೆಳಗೆ ದಿಂಬು ಇಡುವುದು ನೆರವಾಗುತ್ತದೆ.

ಇನ್ನೊಂದು ಬಗೆಯದು ಇಡೀ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಮತ್ತೆ ಸಡಿಲವಾಗುವುದು. ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯ 1872ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಉಳಿದಿದೆ. ಇವು ಕ್ರಮವಿಲ್ಲದೆ ಬರುತ್ತವೆ, ನೀರು ಕುಡಿದು ವಿಶ್ರಮಿಸಿದರೆ ಇಳಿಯುತ್ತವೆ. ಕ್ರಮವಾಗಿ, ಒಂದರಿಂದೊಂದಕ್ಕೆ ಬಲವಾಗುತ್ತ ಬಂದರೆ, ಅಥವಾ ಜೊತೆಗೆ ಸೊಂಟದ ಸೆಳೆತವಿದ್ದರೆ, ಯೋನಿಯಿಂದ ರಕ್ತ ಇಲ್ಲವೇ ನೀರು ಬಂದರೆ, 37 ವಾರಕ್ಕಿಂತ ಮುಂಚೆ ಯಾವ ಹೊತ್ತಿನಲ್ಲಾದರೂ ಆಸ್ಪತ್ರೆಗೆ ಹೋಗಬೇಕು.

ನಿದ್ದೆಯಲ್ಲಿ ಅಂಗಾತ ತಿರುಗಿಬಿಡುತ್ತೇನೆ. ಮಗುವಿಗೆ ಏನಾದರೂ ಆಗುತ್ತದೆಯೇ?

28 ವಾರದ ನಂತರ ಮಗ್ಗುಲಾಗಿ ಮಲಗಿ ನಿದ್ದೆಗೆ ಜಾರುವುದು ಒಳ್ಳೆಯದು ಎಂಬುದಕ್ಕೆ ಆಧಾರವಿದೆ. ತುಂಬಿದ ಗರ್ಭಕೋಶ ಬೆನ್ನ ಕಡೆಯ ದೊಡ್ಡ ರಕ್ತನಾಳವನ್ನು ಒತ್ತುವುದೇ ಕಾರಣ. ಎಡವೇ ಆಗಬೇಕೆಂದಿಲ್ಲ, ಬಲವೂ ಆದೀತು. ಎಚ್ಚರವಾದಾಗ ಅಂಗಾತ ಇದ್ದರೆ ಮತ್ತೆ ಮಗ್ಗುಲಾಗಿ, ಅಷ್ಟು ಸಾಕು. ನಡುಗಾಲದಲ್ಲೇ ಈ ಅಭ್ಯಾಸ ಮಾಡಿಕೊಂಡರೆ ಆಮೇಲೆ ಸುಲಭ.

ನಡೆಯಬಹುದೇ, ಪ್ರಯಾಣ ಮಾಡಬಹುದೇ, ಗಂಡ ಹೆಂಡತಿ ಕೂಡಬಹುದೇ?

ವೈದ್ಯರು ಬೇಡವೆಂದು ಹೇಳಿರದಿದ್ದರೆ ಮೂರಕ್ಕೂ ಹೌದು. ವಾರಕ್ಕೆ ಒಟ್ಟು 150 ನಿಮಿಷಗಳ ಹದವಾದ ವ್ಯಾಯಾಮ ಸೂಚಿತ. ನಡೆಯುತ್ತಲೇ ಮಾತಾಡಲು ಆಗುವಷ್ಟು ವೇಗ ಹದವಾದದ್ದು. ದೂರದ ಪ್ರಯಾಣಕ್ಕೆ ಇದೇ ಅನುಕೂಲದ ಕಾಲ. ಕಾರಿನ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ, ಮೇಲ್ಪಟ್ಟಿ ಸ್ತನಗಳ ನಡುವೆ ಬರಲಿ. ಗಂಟೆಗಟ್ಟಲೆ ಕುಳಿತೇ ಇರಬೇಡಿ, ಬಸಿರಿನಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಮಾಸು ಕೆಳಗಿದ್ದರೆ, ರಕ್ತಸ್ರಾವವಾಗಿದ್ದರೆ, ಗರ್ಭಕೋಶದ ಬಾಯಿ ಗಿಡ್ಡವೆಂದು ಹೇಳಿದ್ದರೆ ಈ ಉತ್ತರ ನಿಮಗೆ ಅನ್ವಯಿಸುವುದಿಲ್ಲ, ನಿಮ್ಮ ವೈದ್ಯರನ್ನೇ ಕೇಳಿ.

## ನಡುಗಾಲದ ಸ್ಕ್ಯಾನಿಂಗ್

ಐದನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಅಷ್ಟು ಹೊತ್ತು ಏನು ನೋಡುತ್ತಾರೆ?

ಇದನ್ನು ಅನಾಮಲಿ ಸ್ಕ್ಯಾನ್ ಎನ್ನುತ್ತಾರೆ. 18ರಿಂದ 22 ವಾರಗಳ ನಡುವೆ ಮಾಡುತ್ತಾರೆ. ಅದಕ್ಕೂ ಮೊದಲು ಅಂಗಗಳು ತೀರಾ ಚಿಕ್ಕವು. ತಡವಾದರೆ ಮೂಳೆಗಳು ಗಟ್ಟಿಯಾಗಿ ಅವುಗಳ ನೆರಳು ಅಡ್ಡ ಬರುತ್ತದೆ, ಏನಾದರೂ ಕಂಡರೆ ಮುಂದಿನ ಪರೀಕ್ಷೆಗೆ ಸಮಯವೂ ಕಡಿಮೆಯಾಗುತ್ತದೆ.

ತಲೆಯಿಂದ ಶುರು ಮಾಡುತ್ತಾರೆ: ತಲೆಬುರುಡೆಯ ಆಕಾರ, ಮಿದುಳಿನ ಎರಡು ಭಾಗಗಳು, ಒಳಗಿನ ದ್ರವದ ಕೋಣೆಗಳು, ಹಿಂಮಿದುಳು. ಮುಖದಲ್ಲಿ ಮೇಲ್ತುಟಿ ಸೀಳಿದೆಯೇ ಎಂದು ನೋಡುತ್ತಾರೆ. ಬೆನ್ನುಮೂಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು, ಎಲ್ಲಿಯೂ ತೆರೆದುಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಹೆಚ್ಚು ಹೊತ್ತು ಹಿಡಿಯುವುದು ಹೃದಯ. ನಾಲ್ಕು ಕೋಣೆಗಳಿವೆಯೇ, ಹೊರಡುವ ಎರಡು ದೊಡ್ಡ ರಕ್ತನಾಳಗಳು ಒಂದನ್ನೊಂದು ದಾಟಿ ಹೋಗುತ್ತವೆಯೇ ಎಂದು ಬಡಿಯುತ್ತಲೇ ಇರುವ ಪುಟ್ಟ ಹೃದಯದಲ್ಲಿ ಹುಡುಕಬೇಕು, ಅದಕ್ಕೆ ತಾಳ್ಮೆ ಬೇಕು. ಆಮೇಲೆ ಹೊಟ್ಟೆಯ ಗೋಡೆ, ಜಠರ, ಎರಡು ಮೂತ್ರಪಿಂಡ, ಮೂತ್ರಕೋಶ, ಕೈಕಾಲು. ಕೊನೆಗೆ ಮಾಸು ಎಲ್ಲಿದೆ, ಮಗುವಿನ ಸುತ್ತ ನೀರು ಎಷ್ಟಿದೆ, ಹೊಕ್ಕುಳಬಳ್ಳಿಯಲ್ಲಿ ಮೂರು ರಕ್ತನಾಳಗಳಿವೆಯೇ ಎಂಬುದು.

ಇವುಗಳ ನಡುವೆ ನಾಲ್ಕು ಅಳತೆ ತೆಗೆಯುತ್ತಾರೆ: ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ. ವರದಿಯಲ್ಲಿ ಬಿಪಿಡಿ, ಎಚ್‌ಸಿ, ಎಸಿ, ಎಫ್‌ಎಲ್ ಎಂದು ಕಾಣುವುದು ಇವೇ. ನಾಲ್ಕೂ ಒಂದೇ ವಾರವನ್ನು ತೋರಿಸಬೇಕಿಲ್ಲ. ಉದ್ದ ಕಾಲಿನ ತಾಯಿತಂದೆಯರ ಮಗುವಿನ ತೊಡೆಮೂಳೆ ನಾಲ್ಕೈದು ದಿನ ಮುಂದಿದ್ದರೆ ಆಶ್ಚರ್ಯವೇನು?

ಸ್ಕ್ಯಾನಿಂಗ್‌ನ ಕಿರಣ ಮಗುವಿಗೆ ಒಳ್ಳೆಯದಲ್ಲ ಎನ್ನುತ್ತಾರೆ, ನಿಜವೇ?

ಅದರಲ್ಲಿ ಕಿರಣವೇ ಇಲ್ಲ. ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಶಬ್ದವನ್ನು ಕಳಿಸಿ, ಅದರ ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತಾರೆ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದರ ವೈದ್ಯಕೀಯ ಬಳಕೆಗೆ ದಾರಿಯಾಯಿತು, ಅಂದಿನಿಂದ ತಲೆಮಾರುಗಳು ಕಳೆದಿವೆ. ಎಕ್ಸ್-ರೇಯೊಂದಿಗೆ ಇದನ್ನು ಬೆರೆಸಬೇಡಿ. ಹಾಗೆಂದು ಕೇವಲ ನೆನಪಿನ ವೀಡಿಯೊಗಾಗಿ ಗಂಟೆಗಟ್ಟಲೆ ಮಾಡಿಸುವುದೂ ಬೇಡ, ಅಗತ್ಯವಿದ್ದಾಗ ತರಬೇತಾದವರಿಂದ ಮಾತ್ರ ಎಂಬುದು ವೈದ್ಯಲೋಕದ ನಿಲುವು.

ಸ್ಕ್ಯಾನಿಂಗ್ ಮಾಡುವವರು ಒಂದು ಮಾತೂ ಆಡಲಿಲ್ಲ. ಮುಖ ಗಂಭೀರವಾಗಿತ್ತು. ಏನೋ ಮುಚ್ಚಿಡುತ್ತಿದ್ದಾರೆಯೇ?

ಈ ಪ್ರಶ್ನೆ ಕೇಳುವಾಗ ಹಲವರ ಕಣ್ಣು ತುಂಬುತ್ತದೆ. ಆ ಮೌನ ಹೆಚ್ಚಾಗಿ ಏಕಾಗ್ರತೆಯದು. ಆದರೂ ಮಲಗಿರುವವಳಿಗೆ ಅದು ತೀರ್ಪಿನಂತೆ ಕೇಳುತ್ತದೆ. ಶುರುವಿನಲ್ಲೇ ಹೀಗೆ ಹೇಳಿನೋಡಿ: "ನೀವು ಸುಮ್ಮನಿದ್ದರೆ ನನಗೆ ಭಯವಾಗುತ್ತದೆ. ಎದೆಬಡಿತ ಕಂಡ ಕೂಡಲೇ ಒಂದು ಮಾತು ಹೇಳಿ, ಉಳಿದದ್ದನ್ನು ಕೊನೆಯಲ್ಲಿ ಹೇಳಿ." ಹೀಗೆ ಕೇಳಿದವರಿಗೆ ಉತ್ತರ ಸಿಗದೇ ಹೋದದ್ದನ್ನು ನಾನು ಕಂಡಿಲ್ಲ. ಆಸ್ಪತ್ರೆಯವರು ಒಪ್ಪಿದರೆ ಜೊತೆಗೆ ಒಬ್ಬರಿರಲಿ.

ಮಗು ಮಗುಚಿಕೊಂಡಿದೆ, ಇನ್ನೊಮ್ಮೆ ಬನ್ನಿ ಎಂದರು.

ಬಹಳ ಮಂದಿಗೆ ಹೀಗಾಗುತ್ತದೆ. ಬೆನ್ನು ಮೇಲಾಗಿ ಮಲಗಿದ ಮಗುವಿನ ಹೃದಯ, ತುಟಿ ಕಾಣುವುದಿಲ್ಲ. ಸ್ವಲ್ಪ ನಡೆದಾಡಿ, ಏನಾದರೂ ತಿಂದು, ಕೆಮ್ಮಿ ಬರಲು ಹೇಳುತ್ತಾರೆ. ಆದರೂ ತಿರುಗದಿದ್ದರೆ ಬೇರೆ ದಿನ. "ಕಾಣಲಿಲ್ಲ" ಎಂದರೆ "ಸರಿಯಿಲ್ಲ" ಎಂದಲ್ಲ.

ಮಾಸು ಕೆಳಗಿದೆ ಎಂದು ಬರೆದಿದ್ದಾರೆ. ಆಪರೇಷನ್ ಖಚಿತವೇ?

ಈಗಲೇ ಹಾಗೆ ತೀರ್ಮಾನಿಸಬೇಡಿ. 20ನೆಯ ವಾರದಲ್ಲಿ ಕೆಳಗೆ ಕಂಡ ಮಾಸು ಹೆಚ್ಚಿನವರಲ್ಲಿ ದಿನ ತುಂಬುವಷ್ಟರಲ್ಲಿ ಮೇಲಾಗಿರುತ್ತದೆ. ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಮಾಸಿನ ಅಂಚಿಗೂ ಗರ್ಭಕೋಶದ ಬಾಯಿಗೂ ದೂರ ಹೆಚ್ಚುತ್ತದೆ. ಅಂಚು ಬಾಯಿಯಿಂದ 2 ಸೆಂಟಿಮೀಟರ್‌ಗಿಂತ ಹತ್ತಿರವಿದ್ದರೆ "ಕೆಳಗಿದೆ" ಎನ್ನುತ್ತಾರೆ. ಬಾಯಿಯನ್ನೇ ಮುಚ್ಚಿದ್ದರೆ ಅದು ಪ್ಲಾಸೆಂಟಾ ಪ್ರೀವಿಯಾ. 32ನೆಯ ವಾರದ ಸುಮಾರಿಗೆ ಮತ್ತೆ ನೋಡುತ್ತಾರೆ, ಆಗ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್ ಹೆಚ್ಚು ನಿಖರ ಮತ್ತು ಸುರಕ್ಷಿತ. ಕೊನೆಯವರೆಗೂ ಮಾಸು ಬಾಯಿಯನ್ನು ಮುಚ್ಚಿಕೊಂಡೇ ಇದ್ದರೆ ಸಿಸೇರಿಯನ್ ಬೇಕು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ ಅದನ್ನು ತಪ್ಪದೆ ಹೇಳಿ, ಹಳೆಯ ಗಾಯದ ಮೇಲೆ ಮಾಸು ಅಂಟಿದೆಯೇ ಎಂದು ವಿಶೇಷವಾಗಿ ನೋಡಬೇಕಾಗುತ್ತದೆ. ನೋವಿಲ್ಲದೆ ರಕ್ತ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಹೃದಯದಲ್ಲಿ ಬಿಳಿ ಚುಕ್ಕೆ, ಮಿದುಳಿನಲ್ಲಿ ನೀರುಗುಳ್ಳೆ ಎಂದಿದೆ. ಹುಡುಕಿ ಓದಿ ನಿದ್ದೆ ಕೆಟ್ಟಿದೆ.

ಇವನ್ನು ಸಾಫ್ಟ್ ಮಾರ್ಕರ್ ಎನ್ನುತ್ತಾರೆ. ಹೃದಯದ ಚುಕ್ಕೆ ಒಂದು ಪುಟ್ಟ ಸ್ನಾಯುವಿನಲ್ಲಿ ಕೂತ ಸುಣ್ಣದಂಶ, ಹೃದಯದ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಮಿದುಳಿನ ನೀರುಗುಳ್ಳೆಗಳು (ವರದಿಯಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಗುಳ್ಳೆಗಳು) ಬಹುತೇಕ 28ನೆಯ ವಾರದೊಳಗೆ ತಾವಾಗಿ ಮಾಯವಾಗುತ್ತವೆ. ಆರೋಗ್ಯವಂತ ಶಿಶುಗಳಲ್ಲೂ ಇವು ಕಾಣುತ್ತವೆ. ಇವನ್ನು ಗುರುತಿಸಿ ಬರೆಯುವುದೇಕೆಂದರೆ, ಕ್ರೋಮೋಸೋಮಿನ ವ್ಯತ್ಯಾಸವಿರುವ ಶಿಶುಗಳಲ್ಲಿ ಇವು ತುಸು ಹೆಚ್ಚಾಗಿ ಕಾಣುತ್ತವೆ.

ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ. ಇದೊಂದೇ ಕಂಡಿದೆಯೇ, ಜೊತೆಗೆ ಬೇರೇನಾದರೂ ಇದೆಯೇ? ಮೊದಲ ತಿಂಗಳುಗಳ ರಕ್ತಪರೀಕ್ಷೆಯ ಫಲಿತಾಂಶದೊಡನೆ ಸೇರಿಸಿ ನೋಡಿದರೆ ನನ್ನ ಒಟ್ಟು ಸಂಭವ ಎಷ್ಟು? ಇನ್ನೊಂದು ಪರೀಕ್ಷೆಯಿಂದ ನಮಗೆ ಏನು ಸ್ಪಷ್ಟವಾಗುತ್ತದೆ? ಮೊದಲ ಪರೀಕ್ಷೆ ಚೆನ್ನಾಗಿ ಬಂದು, ಈ ಗುರುತೊಂದೇ ಇದ್ದರೆ, ಹೆಚ್ಚಿನವರಿಗೆ ಮುಂದೇನೂ ಬೇಕಾಗುವುದಿಲ್ಲ.

ವರದಿ ನಾರ್ಮಲ್ ಬಂತು. ಇನ್ನು ಚಿಂತೆಯೇ ಇಲ್ಲ ತಾನೇ?

ಸಂತೋಷಪಡಿ, ಅದಕ್ಕೆ ಕಾರಣವಿದೆ. ಸ್ಕ್ಯಾನಿಂಗ್ ಎಲ್ಲವನ್ನೂ ತೋರಿಸುವುದಿಲ್ಲ ಎಂಬುದನ್ನೂ ತಿಳಿದಿರಿ. ಬೆನ್ನುಹುರಿಯ ದೊಡ್ಡ ದೋಷಗಳು ಬಹುಮಟ್ಟಿಗೆ ಕಾಣುತ್ತವೆ. ಹೃದಯದ ಕೆಲವು ದೋಷಗಳು, ಸಣ್ಣ ರಂಧ್ರಗಳು ನುರಿತ ಕಣ್ಣಿಗೂ ತಪ್ಪಬಹುದು. ಕಿವಿ ಕೇಳುತ್ತದೆಯೇ, ಬುದ್ಧಿಯ ಬೆಳವಣಿಗೆ ಹೇಗಿರುತ್ತದೆ ಎಂಬುದು ಚಿತ್ರದಲ್ಲಿ ಇರುವುದಿಲ್ಲ. ವರದಿಯಲ್ಲಿರುವ ಮಗುವಿನ ತೂಕವೂ ಅಂದಾಜೇ, ಶೇಕಡಾ 15ರಷ್ಟು ಆಚೀಚೆಯಾಗಬಹುದು. 20 ವಾರಕ್ಕೆ ಸುಮಾರು 300 ಗ್ರಾಂ ಎಂದು ಓದಿದ್ದರೆ, 280 ಎಂದು ಬಂದ ಕೂಡಲೇ ಕಂಗೆಡಬೇಡಿ. ಆರಂಭದ ಸ್ಕ್ಯಾನಿಂಗ್‌ನಲ್ಲಿ ನಿಗದಿಯಾದ ದಿನಾಂಕವನ್ನು ಈಗಿನ ಅಳತೆ ನೋಡಿ ಬದಲಿಸಿಕೊಳ್ಳುವುದೂ ಬೇಡ. ಮೊದಲಿನ ಲೆಕ್ಕವೇ ಹೆಚ್ಚು ನಂಬಿಕೆಯದು.

## ರಕ್ತಪರೀಕ್ಷೆ ಮತ್ತು ಎಚ್ಚರಿಕೆ

ನನ್ನ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ಆ ಗ್ಲೂಕೋಸ್ ನೀರು ಕುಡಿಯಲೇಬೇಕೇ?

ಕುಡಿಯುವುದು ಒಳ್ಳೆಯದು. ಬಸಿರಿನ ಸಕ್ಕರೆ ಕಾಯಿಲೆ ಸಿಹಿ ತಿಂದದ್ದಕ್ಕೆ ಬರುವ ಶಿಕ್ಷೆಯಲ್ಲ. ಮಾಸು ಹೊರಡಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಅದನ್ನು ಸರಿದೂಗಿಸುವಷ್ಟು ಹೆಚ್ಚು ಇನ್ಸುಲಿನ್ ಕೆಲವರ ದೇಹದಲ್ಲಿ ತಯಾರಾಗುವುದಿಲ್ಲ. ತೆಳ್ಳಗಿರುವವರಿಗೂ ಬರುತ್ತದೆ, ಲಕ್ಷಣವೇ ಇಲ್ಲದೆ ಬರುತ್ತದೆ. ಆದ್ದರಿಂದ 24ರಿಂದ 28 ವಾರಗಳ ನಡುವೆ ಪರೀಕ್ಷೆ ಮಾಡುತ್ತಾರೆ. ಒಂದು ಪ್ರಚಲಿತ ಕ್ರಮದಲ್ಲಿ ಬರಿಹೊಟ್ಟೆಯಲ್ಲಿ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ಕುಡಿಸಿ, ಒಂದು ಮತ್ತು ಎರಡು ಗಂಟೆಯ ಬಳಿಕ ಮತ್ತೆ ರಕ್ತ ತೆಗೆಯುತ್ತಾರೆ. ವಾಕರಿಕೆ ಬರುವುದುಂಟು. ತಣ್ಣಗೆ ಮಾಡಿಕೊಡುವಂತೆ ಕೇಳಿ, ಓದಲು ಏನಾದರೂ ಒಯ್ಯಿರಿ.

ಹೆಚ್ಚು ಎಂದು ಬಂದರೆ, ಊಟದ ಕ್ರಮ ಮತ್ತು ನಡಿಗೆಯಿಂದಲೇ ಹಲವರಲ್ಲಿ ಹತೋಟಿಗೆ ಬರುತ್ತದೆ. ಕೆಲವರಿಗೆ ಮಾತ್ರೆ ಅಥವಾ ಇನ್ಸುಲಿನ್ ಬೇಕು. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಿರುವುದರಿಂದ ಬಾಣಂತನದ ನಂತರದ ಪರೀಕ್ಷೆಯನ್ನು ಮರೆಯಬೇಡಿ. ಎಲ್ಲರೂ ಮರೆಯುವುದು ಅದನ್ನೇ.

ಮಾತ್ರೆ ನುಂಗುತ್ತಲೇ ಇದ್ದೇನೆ, ಹಿಮೋಗ್ಲೋಬಿನ್ ಇಳಿದಿದೆ!

ಬಸಿರಿನಲ್ಲಿ ರಕ್ತದ ಪ್ರಮಾಣವೇ ಹೆಚ್ಚುತ್ತದೆ, ಅದರಲ್ಲಿ ನೀರಿನಂಶ ಕೆಂಪುಕಣಗಳಿಗಿಂತ ವೇಗವಾಗಿ ಏರುತ್ತದೆ. ಹಾಗಾಗಿ ನಡುಗಾಲದಲ್ಲಿ ಸ್ವಲ್ಪ ಇಳಿಯುವುದು ಸಹಜ. ಡೆಸಿಲೀಟರಿಗೆ 10.5 ಗ್ರಾಂಗಿಂತ ಕೆಳಗಿಳಿದರೆ ಈ ಅವಧಿಯಲ್ಲಿ ರಕ್ತಹೀನತೆ ಎನ್ನುತ್ತಾರೆ. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯೊಡನೆ, ಚಹಾ ಕಾಫಿಯೊಡನೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಿ ಜೀವಸತ್ವವಿರುವ ಹಣ್ಣಿನ ರಸದೊಡನೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುವುದು ಮಾತ್ರೆಯಿಂದ, ಹೆದರಬೇಡಿ. ಮಲಬದ್ಧತೆ ತಾಳಲಾರದಿದ್ದರೆ ಮಾತ್ರೆಯನ್ನು ಗುಟ್ಟಾಗಿ ಬಿಡಬೇಡಿ, ಬೇರೆ ಬಗೆಯದನ್ನು ಕೇಳಿ ಪಡೆಯಿರಿ.

ನನ್ನದು ನೆಗೆಟಿವ್ ರಕ್ತದ ಗುಂಪು. ಏನು ವ್ಯತ್ಯಾಸ?

ಮಗುವಿನ ರಕ್ತ ಪಾಸಿಟಿವ್ ಆಗಿದ್ದರೆ ನಿಮ್ಮ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸದಂತೆ ಆಂಟಿ-ಡಿ ಚುಚ್ಚುಮದ್ದು ಇದೆ. ಸಾಮಾನ್ಯವಾಗಿ 28ನೆಯ ವಾರದ ಸುಮಾರಿಗೆ ಕೊಡುತ್ತಾರೆ. ನಡುವೆ ರಕ್ತಸ್ರಾವವಾದರೆ, ಹೊಟ್ಟೆಗೆ ಪೆಟ್ಟಾದರೆ 72 ಗಂಟೆಗಳೊಳಗೆ ಬೇಕಾಗಬಹುದು. ನಿಮ್ಮ ಗುಂಪನ್ನು ಹೋದಲ್ಲೆಲ್ಲ ನೀವೇ ನೆನಪಿಸಿ.

ಸಣ್ಣಪುಟ್ಟದ್ದಕ್ಕೆಲ್ಲ ಫೋನ್ ಮಾಡಿದರೆ ಬೇಸರಪಡುತ್ತಾರೇನೋ. ಯಾವುದಕ್ಕೆ ಕಾಯಬಾರದು?

ಯೋನಿಯಿಂದ ರಕ್ತ ಅಥವಾ ನೀರು ಬಂದರೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ತಟ್ಟನೆ ಊದಿಕೊಳ್ಳುವುದು, ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಜ್ವರ, ಉರಿಮೂತ್ರ, ಒಂದೇ ಕಾಲು ಊದಿ ನೋಯುವುದು, ಅಂಗೈ ಅಂಗಾಲಿನಲ್ಲಿ ದದ್ದಿಲ್ಲದ ತೀವ್ರ ತುರಿಕೆ, ಮಗುವಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಯಾವುದಕ್ಕೂ ಬೆಳಗಾಗಲಿ ಎಂದು ಕಾಯಬೇಡಿ. ಯಾರಿಗಾದರೂ ಬೇಸರವಾದರೆ ಆಗಲಿ. ಇಂಥ ಲಕ್ಷಣ ಹೇಳಿಕೊಂಡವರಿಗೆ "ನನಗೂ ಹಾಗೇ ಆಗಿತ್ತು, ಏನೂ ಆಗುವುದಿಲ್ಲ" ಎಂದು ಧೈರ್ಯ ಹೇಳುವ ಗೆಳತಿಯರಿಗೂ ನನ್ನ ಕಳಕಳಿಯ ವಿನಂತಿ: ದಯವಿಟ್ಟು ಹಾಗೆ ಹೇಳಬೇಡಿ, ಆಸ್ಪತ್ರೆಗೆ ಕಳಿಸಿ.

## ಹೆರಿಗೆಪೂರ್ವ ತರಗತಿ

ತರಗತಿಗೆ ಯಾವಾಗ ಸೇರಬೇಕು? ಅಲ್ಲಿ ಏನು ಕಲಿಸುತ್ತಾರೆ?

ಹೆಚ್ಚಿನ ತರಗತಿಗಳು 28ರಿಂದ 32 ವಾರಗಳ ಸುಮಾರಿಗೆ ಶುರುವಾಗುತ್ತವೆ, ಆದರೆ ಹೆಸರು ಬರೆಸುವುದು ನಡುಗಾಲದಲ್ಲೇ ಆಗಲಿ. ಅವಳಿಗಳಿದ್ದರೆ ಇನ್ನೂ ಬೇಗ. ಹೆರಿಗೆಯ ಹಂತಗಳು, ಯಾವಾಗ ಆಸ್ಪತ್ರೆಗೆ ಹೊರಡಬೇಕು, ಉಸಿರಾಟ ಮತ್ತು ಭಂಗಿಗಳು, ನೋವು ಶಮನದ ದಾರಿಗಳು, ಸಿಸೇರಿಯನ್, ಎದೆಹಾಲು, ಮೊದಲ ದಿನಗಳ ಶಿಶುಪಾಲನೆ, ಹೆತ್ತ ಮೇಲೆ ಮನಸ್ಸು ಕುಗ್ಗುವುದು ಇವೆಲ್ಲ ಇರಬೇಕು. ಕೊನೆಯದನ್ನು ಬಿಟ್ಟುಬಿಡುವ ತರಗತಿ ನನ್ನ ದೃಷ್ಟಿಯಲ್ಲಿ ಅಪೂರ್ಣ.

ತರಗತಿಗೆ ಕಾಯದೆ ಈಗಲೇ ಶುರು ಮಾಡಬಹುದಾದದ್ದು ಕೀಗಲ್ ವ್ಯಾಯಾಮ. ಮೂತ್ರ ಮತ್ತು ವಾಯುವನ್ನು ತಡೆಹಿಡಿಯುವಂತೆ ಒಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು, ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲಿಸಿ. 8ರಿಂದ 10 ಬಾರಿ, ದಿನಕ್ಕೆ 3 ಸಲ. ಉಸಿರು ಕಟ್ಟಬಾರದು. ಮೂತ್ರ ಮಾಡುವ ನಡುವೆ ಇದನ್ನು ಅಭ್ಯಾಸ ಮಾಡಬೇಡಿ.

ಉಸಿರಾಟ ಕಲಿತರೆ ನೋವು ನಿಜವಾಗಿ ಕಡಿಮೆಯಾಗುತ್ತದೆಯೇ?

ನೋವು ಹೋಗುವುದಿಲ್ಲ. ಅದನ್ನು ಎದುರಿಸುವ ಬಗೆ ಬದಲಾಗುತ್ತದೆ. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು ಎಂಬ ವಿಚಾರವನ್ನು 1930ರ ದಶಕದಲ್ಲಿ ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ ಮುಂದಿಟ್ಟರು. ಫ್ರಾನ್ಸಿನ ಫರ್ನಾಂಡ್ ಲಮಾಝ್ 1951ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕಂಡ ಕ್ರಮವನ್ನು ಪ್ಯಾರಿಸ್‌ಗೆ ತಂದರು. ಇಂದಿನ ತರಗತಿಗಳ ಉಸಿರಾಟದ ಪಾಠಕ್ಕೆ ಇವರಿಬ್ಬರೂ ಬೇರು. ಆದರೆ ಈ ಪರಂಪರೆಯ ಹೆಸರಿನಲ್ಲಿ ನೋವುನಿವಾರಕ ತೆಗೆದುಕೊಂಡವಳು ಸೋತಳು ಎಂದು ಯಾರಾದರೂ ಕಲಿಸಿದರೆ ಒಪ್ಪಬೇಡಿ. ಬೆನ್ನಿಗೆ ಕೊಡುವ ನೋವುನಿವಾರಕ ಚುಚ್ಚುಮದ್ದು, ಅಂದರೆ ಎಪಿಡ್ಯೂರಲ್ ಪಡೆದವಳೂ ಹೆತ್ತವಳೇ.

ನಾನು ಗಂಡ. ಹೆಂಗಸರ ನಡುವೆ ಅಲ್ಲಿ ಕುಳಿತು ನಾನೇನು ಮಾಡಲಿ?

ಹೆರಿಗೆಯ ಉದ್ದಕ್ಕೂ ಬಿಡದೆ ಜೊತೆಗಿದ್ದು ಧೈರ್ಯ ಹೇಳುವವರೊಬ್ಬರು ಇದ್ದರೆ ಸಹಜ ಹೆರಿಗೆಯ ಸಂಭವ ಹೆಚ್ಚುತ್ತದೆ, ನೋವಿನ ಅವಧಿ ತುಸು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡಿದೆ. ಆ ಒಬ್ಬರು ನೀವಾಗಬಹುದು, ಅವಳ ತಾಯಿ ಅಥವಾ ಅಕ್ಕನಾಗಬಹುದು. ನೋವು ಬಂದಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯುವುದು, ಒಂದು ನೋವಿನ ಶುರುವಿನಿಂದ ಮುಂದಿನದರ ಶುರುವಿನವರೆಗೆ ಸಮಯ ಎಣಿಸುವುದು, ಅವಳು ಮಾತಾಡಲಾಗದಾಗ ಅವಳ ಇಚ್ಛೆಯನ್ನು ದಾದಿಯರಿಗೆ ತಿಳಿಸುವುದು ಇವನ್ನೆಲ್ಲ ಕೈಯಾರೆ ಮಾಡಿ ಕಲಿಯಬೇಕು. ಓದಿ ಬರುವುದಿಲ್ಲ. ಬನ್ನಿ, ಸಂಕೋಚ ಹತ್ತು ನಿಮಿಷದಲ್ಲಿ ಹೋಗುತ್ತದೆ.

ನನಗೆ ಸಿಸೇರಿಯನ್ ಎಂದು ಈಗಾಗಲೇ ಹೇಳಿದ್ದಾರೆ. ತರಗತಿ ವ್ಯರ್ಥವಲ್ಲವೇ?

ಹೊಲಿಗೆ ಇರುವಾಗ ಮಗ್ಗುಲಾಗಿ ಹೊರಳಿ ಏಳುವುದು, ಮಗುವನ್ನು ಗಾಯಕ್ಕೆ ತಾಗದಂತೆ ಕಂಕುಳಡಿ ಹಿಡಿದು ಹಾಲೂಡಿಸುವುದು, ಬೇಗ ನಡೆದಾಡಲು ಶುರು ಮಾಡುವುದು ಏಕೆ ಮುಖ್ಯ ಎಂಬುದೆಲ್ಲ ನಿಮಗೇ ಹೆಚ್ಚು ಬೇಕು. ನಿಗದಿತ ದಿನಕ್ಕಿಂತ ಮುಂಚೆ ನೋವು ಶುರುವಾಗಲೂಬಹುದು, ಅದನ್ನು ಗುರುತಿಸಲು ಕಲಿತಿರಬೇಕು.

## ಹೇಳಿಕೊಳ್ಳಲು ಕಷ್ಟವಾದ ಪ್ರಶ್ನೆಗಳು

ಸಿಕ್ಕವರೆಲ್ಲ ತಮ್ಮ ಹೆರಿಗೆಯ ಭಯಂಕರ ಕಥೆ ಹೇಳುತ್ತಾರೆ. ಹೇಗೆ ತಡೆಯಲಿ?

"ಹೆರಿಗೆಯಾದ ಮೇಲೆ ಕೇಳುತ್ತೇನೆ, ಈಗ ಬೇಡ" ಎಂದು ನೇರವಾಗಿ ಹೇಳಿ. ಹೇಳುವವರಲ್ಲಿ ಕೆಲವರಿಗೆ ತಮ್ಮ ನೋವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಎಂಬ ಅಳಲಿದೆ, ಅವರು ಕೆಟ್ಟವರಲ್ಲ. ಆದರೆ ಅದನ್ನು ಹೊರಬೇಕಾದವಳು ನೀವಲ್ಲ. ಹೆರಿಗೆಯ ಯೋಚನೆಯಿಂದಲೇ ನಿದ್ದೆ ಊಟ ಬಿಟ್ಟುಹೋಗಿದ್ದರೆ ಅದಕ್ಕೂ ಚಿಕಿತ್ಸೆಯಿದೆ, ತಪಾಸಣೆಯಲ್ಲಿ ಹೇಳಿ.

ಸ್ಕ್ಯಾನಿಂಗ್‌ನಲ್ಲಿ ನಮ್ಮ ಮಗುವಿಗೆ ತೊಂದರೆ ಕಂಡಿದೆ. ಏನು ಕೇಳಬೇಕೆಂದೂ ತೋಚುತ್ತಿಲ್ಲ.

ಮೊದಲ ದಿನ ಕೇಳಿದ್ದರಲ್ಲಿ ಅರ್ಧ ಕಿವಿಗೆ ಬಿದ್ದಿರುವುದಿಲ್ಲ. ಆದ್ದರಿಂದ ಎರಡನೆಯ ಭೇಟಿ ಕೇಳಿ ಪಡೆಯಿರಿ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ತೊಂದರೆಯ ಹೆಸರೇನು, ಅದು ಖಚಿತವೋ ಅನುಮಾನವೋ? ಗರ್ಭಸ್ಥ ಶಿಶುವಿನ ತಜ್ಞರು ಮತ್ತೊಮ್ಮೆ ನೋಡಬಹುದೇ? ಹೃದಯದ್ದಾದರೆ ಶಿಶುವಿನ ಎಕೊ ಪರೀಕ್ಷೆ ಬೇಕೇ? ಗರ್ಭದ ನೀರಿನ ಪರೀಕ್ಷೆಯಾದ ಆಮ್ನಿಯೊಸೆಂಟೆಸಿಸ್ ಅನ್ನು 15ನೆಯ ವಾರದ ನಂತರ ಮಾಡಬಹುದು. ಅದರಿಂದ ಏನು ತಿಳಿಯುತ್ತದೆ, ಅಪಾಯ ಎಷ್ಟು? ಹುಟ್ಟಿದ ಮೇಲೆ ಚಿಕಿತ್ಸೆ ಏನು, ಹೆರಿಗೆ ಯಾವ ಸೌಲಭ್ಯವಿರುವ ಕಡೆ ಆಗಬೇಕು? ಸೀಳುತುಟಿಯಂಥ ತೊಂದರೆಗೆ ಮಗು ಕೆಲವೇ ತಿಂಗಳಿನದಿರುವಾಗ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮೊದಲೇ ತಿಳಿದಿದ್ದರೆ ಹಾಲೂಡಿಸುವ ಸಿದ್ಧತೆ ಮಾಡಿಕೊಳ್ಳಬಹುದು.

ಜೊತೆಯವರ ಸಂತೋಷದ ಮಾತುಗಳ ನಡುವೆ ಕೂರಲು ಆಗದಿದ್ದರೆ ಎದ್ದು ಹೋಗಿ. ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಅದೇ ತೊಂದರೆಯ ಮಕ್ಕಳನ್ನು ಬೆಳೆಸಿದ ತಾಯಿತಂದೆಯರನ್ನು ವೈದ್ಯರ ಮೂಲಕ ಕಾಣಲು ಸಾಧ್ಯವೇ ಎಂದು ಕೇಳಿ. ಆ ಮಾತು ಬೇರೆಲ್ಲೂ ಸಿಗುವುದಿಲ್ಲ.

ಹಿಂದಿನ ಬಸಿರು ಐದನೆಯ ತಿಂಗಳಲ್ಲೇ ಹೋಯಿತು. ಈಗ ಅದೇ ವಾರ ಹತ್ತಿರ ಬರುತ್ತಿದೆ. ತರಗತಿಗೆ ಸೇರಲೂ ಹೆದರಿಕೆ.

ಹಿಂದಿನ ಕಾಗದಪತ್ರಗಳನ್ನೆಲ್ಲ ಈಗಿನ ವೈದ್ಯರಿಗೆ ತೋರಿಸಿದ್ದೀರಾ? ಅಂಥ ಇತಿಹಾಸವಿದ್ದರೆ 16ರಿಂದ 24 ವಾರಗಳ ನಡುವೆ ಗರ್ಭಕೋಶದ ಬಾಯಿಯ ಉದ್ದವನ್ನು ಯೋನಿಯ ಮೂಲಕ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. 25 ಮಿಲಿಮೀಟರ್‌ಗಿಂತ ಗಿಡ್ಡವಾಗಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕೊಡುವ ಅಥವಾ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕುವ ದಾರಿಗಳಿವೆ. ಆ ವಾರ ಹತ್ತಿರವಾದಾಗ ತಪಾಸಣೆಯನ್ನು ಬೇಗ ಬೇಗ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಮನಸ್ಸಿನ ನೆಮ್ಮದಿಯೂ ತಪಾಸಣೆಗೆ ತಕ್ಕ ಕಾರಣವೇ.

ತರಗತಿಗೆ ಬರುವುದಾದರೆ ನಡೆಸುವವರಿಗೆ ಮುಂಚಿತವಾಗಿ ಒಂದು ಸಾಲು ಬರೆದು ತಿಳಿಸಿ. ಪರಿಚಯದ ಸುತ್ತಿನಲ್ಲಿ "ಇದು ಮೊದಲ ಬಸಿರೇ?" ಎಂದು ಎಲ್ಲರ ಮುಂದೆ ನಿಮ್ಮನ್ನು ಕೇಳದಂತೆ ಅವರು ನೋಡಿಕೊಳ್ಳಬಹುದು. ನನ್ನ ತರಗತಿಯಲ್ಲಿ ಆ ಪ್ರಶ್ನೆಯನ್ನು ಈಗ ಯಾರಿಗೂ ಕೇಳುವುದಿಲ್ಲ.